ಮುಟ್ಟದೆ ಹಿಡಿದಿಡುವ ಬೋನು

(ರಾಜ್ಯೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯನ್ನು ಹತ್ತಿದವರು ನಾಡುನುಡಿಯ ಹಿರಿಮೆಯನ್ನು ಕುರಿತು ನಾಲ್ಕು ಮಾತನಾಡುವುದು ವಾಡಿಕೆ. ಆ ಕೆಲಸವನ್ನು ನಮಗಿಂತ ಸೊಗಸಾಗಿ ಮಾಡಬಲ್ಲವರು ಈ ಸಭೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ವಿಜ್ಞಾನದ ಯಾವುದಾದರೊಂದು ಹೊಸ ವಿಷಯವನ್ನು ಮನೆಮಂದಿಗೆಲ್ಲ ತಿಳಿಯುವ ಕನ್ನಡದಲ್ಲಿ ಹೇಳಬೇಕೆಂದು ಕಾರ್ಯದರ್ಶಿಗಳು ನಮಗೆ ಅಪ್ಪಣೆ ಮಾಡಿದರು. ನಾವು ಆರಿಸಿಕೊಂಡದ್ದು ಪ್ರತಿದ್ರವ್ಯ ಎಂಬ ವಸ್ತುವನ್ನು. ಅದರಲ್ಲಿಯೂ ಅದನ್ನು ಹಿಡಿದು, ತಣಿಸಿ, ಕೂಡಿಡುವ ವಿದ್ಯೆಯನ್ನು. ಹೆಸರನ್ನು ಕೇಳಿ ಹೆದರಬೇಕಾಗಿಲ್ಲ. ಕಥೆಯ ಒಂದು ಕೊನೆ ನಮ್ಮ ಬೆಂಗಳೂರಿನಲ್ಲಿದೆ. ಇನ್ನೊಂದು ಎಳೆ ಈ ಹೈದರಾಬಾದಿನ ಆಕಾಶದಲ್ಲಿಯೇ ಹಾದುಹೋಗಿದೆ.

ನಾವು ನಿತ್ಯ ಕಾಣುವ ವಸ್ತುಗಳೆಲ್ಲ, ಈ ಮೇಜು, ಈ ಹೂವಿನ ಹಾರ, ಸಭೆ ಮುಗಿದ ಮೇಲೆ ದೊರೆಯಲಿರುವ ಕೇಸರಿಬಾತು, ಎಲ್ಲವೂ ಪರಮಾಣುಗಳಿಂದ ಆದುವು. ಪರಮಾಣುವಿನ ನಡುವೆ ಧನವಿದ್ಯುತ್ತಿನ ಪ್ರೋಟಾನು, ಸುತ್ತ ಋಣವಿದ್ಯುತ್ತಿನ ಎಲೆಕ್ಟ್ರಾನು ಇರುವುದನ್ನು ಶಾಲೆಯ ಮಕ್ಕಳೂ ಬಲ್ಲರು. 1928ರಲ್ಲಿ ಇಂಗ್ಲೆಂಡಿನ ಪಾಲ್ ಡಿರಾಕ್ ಎಂಬ ಗಣಿತಜ್ಞಾನಿ ಎಲೆಕ್ಟ್ರಾನಿನ ನಡವಳಿಕೆಗೆ ಒಂದು ಸಮೀಕರಣವನ್ನು ಬರೆದನು. ಆ ಸಮೀಕರಣವು ಒಂದು ಉತ್ತರವನ್ನು ಕೇಳಿದರೆ ಎರಡು ಉತ್ತರಗಳನ್ನು ಕೊಟ್ಟಿತು. ಎರಡನೆಯದು ತೂಕದಲ್ಲಿ ಎಲೆಕ್ಟ್ರಾನಿನಷ್ಟೇ ಇದ್ದು ವಿದ್ಯುತ್ತಿನಲ್ಲಿ ಅದಕ್ಕೆ ವಿರುದ್ಧವಾದ ಕಣ. 1932ರಲ್ಲಿ ಅಮೆರಿಕದ ಕಾರ್ಲ್ ಆಂಡರ್‌ಸನ್ ವಿಶ್ವಕಿರಣಗಳ ಚಿತ್ರವನ್ನು ತೆಗೆಯುತ್ತಿದ್ದಾಗ ಅದೇ ಕಣದ ಜಾಡು ಕಾಣಿಸಿತು. ಅದಕ್ಕೆ ಪಾಸಿಟ್ರಾನು ಎಂದು ಹೆಸರಾಯಿತು. 1955ರಲ್ಲಿ ಬರ್ಕ್‌ಲಿಯ ಯಂತ್ರದಲ್ಲಿ ಪ್ರೋಟಾನಿಗೂ ಇಂತಹ ಒಂದು ಎದುರು ಜೋಡಿ ಸಿಕ್ಕಿತು, ಅದು ಪ್ರತಿಪ್ರೋಟಾನು.

ಕಣವೂ ಅದರ ಎದುರು ಜೋಡಿಯೂ ಸಂಧಿಸಿದರೆ ಎರಡೂ ಉಳಿಯುವುದಿಲ್ಲ. ಜಮೆಯೂ ಖರ್ಚೂ ಸಮನಾಗಿ ಲೆಕ್ಕ ಚುಕ್ತವಾದಂತೆ ಎರಡೂ ಅಳಿದುಹೋಗಿ, ಅವುಗಳ ದ್ರವ್ಯವೆಲ್ಲ ಶಕ್ತಿಯಾಗಿ ಹೊರಬೀಳುತ್ತದೆ. ಪಾಸಿಟ್ರಾನೂ ಎಲೆಕ್ಟ್ರಾನೂ ಹಾಗೆ ಕೂಡುವುದಕ್ಕೆ ಮುಂಚೆ ಒಂದನ್ನೊಂದು ಹೇಗೆ ಚದರಿಸುತ್ತವೆ ಎಂಬುದನ್ನು 1935ರ ಸುಮಾರಿಗೆ ಲೆಕ್ಕಹಾಕಿದವರು ನಮ್ಮ ಹೋಮಿ ಭಾಭಾ. ಇಂದಿಗೂ ಜಗತ್ತಿನ ಪ್ರಯೋಗಶಾಲೆಗಳಲ್ಲಿ ಅದಕ್ಕೆ ಅವರದೇ ಹೆಸರು. 1939ರಲ್ಲಿ ರಜೆಗೆಂದು ಊರಿಗೆ ಬಂದವರು ಯುದ್ಧ ಮೊದಲಾಗಲು ಇಲ್ಲಿಯೇ ಉಳಿದು, ಬೆಂಗಳೂರಿನ ವಿಜ್ಞಾನ ಮಂದಿರದಲ್ಲಿ ವಿಶ್ವಕಿರಣಗಳ ಸಂಶೋಧನೆಯನ್ನು ಆರಂಭಿಸಿದರು. 1945ರಲ್ಲಿ ಟಾಟಾ ಮೂಲಭೂತ ಸಂಶೋಧನ ಸಂಸ್ಥೆ ಕಣ್ತೆರೆದದ್ದು ಕೂಡ ಅಲ್ಲಿಯೇ. ಮುಂಬಯಿಗೆ ಹೋದದ್ದು ಆಮೇಲೆ.

ಪ್ರತಿದ್ರವ್ಯವೆಂದರೆ ಎಲ್ಲಿಯೋ ಅಂತರಿಕ್ಷದ ಮಾತೆಂದು ತಿಳಿಯಬೇಡಿ. ನೀವು ತಾಂಬೂಲದೊಡನೆ ಕೊಡುವ ಬಾಳೆಯ ಹಣ್ಣಿನಲ್ಲಿ ಪೊಟ್ಯಾಸಿಯಂ ಇದೆ. ಅದರಲ್ಲಿ ಒಂದು ಅತ್ಯಲ್ಪ ಪಾಲು ತನ್ನಷ್ಟಕ್ಕೆ ತಾನೇ ಕ್ಷಯಿಸುತ್ತಿರುತ್ತದೆ. ಆ ಕ್ಷಯದಲ್ಲಿ ದಿನಕ್ಕೆ ಕೆಲವು ಸಲ ಒಂದೊಂದು ಪಾಸಿಟ್ರಾನು ಹೊರಡುತ್ತದೆ. ಈ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ ಪೆಟ್ ಸ್ಕ್ಯಾನ್ ಮಾಡಿಸಿಕೊಂಡವರು ನಮ್ಮ ನಿಮ್ಮ ಮನೆಗಳಲ್ಲಿಯೂ ಇರಬಹುದು. ಆ ಹೆಸರಿನ ಮೊದಲ ಅಕ್ಷರವೇ ಪಾಸಿಟ್ರಾನು. ಸಕ್ಕರೆಯಂತಹ ಒಂದು ದ್ರವಕ್ಕೆ ಪಾಸಿಟ್ರಾನು ಸೂಸುವ ಫ್ಲೋರಿನನ್ನು ಸೇರಿಸಿ ರೋಗಿಗೆ ಚುಚ್ಚುತ್ತಾರೆ. ಸಕ್ಕರೆಯನ್ನು ಹೆಚ್ಚು ಹೀರುವ ಗಡ್ಡೆಯಲ್ಲಿ ಅದು ಸೇರುತ್ತದೆ. ಹೊರಟ ಪಾಸಿಟ್ರಾನು ಒಂದೆರಡು ಮಿಲಿಮೀಟರು ದೂರ ಹೋಗುವಷ್ಟರಲ್ಲಿ ದೇಹದ ಎಲೆಕ್ಟ್ರಾನೊಂದನ್ನು ಸಂಧಿಸಿ ಅಳಿಯುತ್ತದೆ; ಎರಡು ಕಿರಣಗಳು ಎದುರುಬದುರಾಗಿ ಹೊರಬರುತ್ತವೆ; ಸುತ್ತಲಿನ ಯಂತ್ರ ಅವುಗಳಿಂದ ಗಡ್ಡೆಯಿರುವ ಸ್ಥಳವನ್ನು ಗುರುತಿಸುತ್ತದೆ. ಆ ಫ್ಲೋರಿನು 110 ನಿಮಿಷಕ್ಕೆ ಅರ್ಧದಷ್ಟು ತೀರಿಹೋಗುವುದರಿಂದಲೇ ಹೇಳಿದ ಹೊತ್ತಿಗೆ ಸರಿಯಾಗಿ ಬರಬೇಕೆಂದು ಆಸ್ಪತ್ರೆಯವರು ಅಷ್ಟು ಕಟ್ಟುನಿಟ್ಟು ಮಾಡುವುದು.

ಹೀಗೆ, ಪ್ರತಿದ್ರವ್ಯ ಹುಟ್ಟುವುದು ಅಂಥ ದೊಡ್ಡ ಸೋಜಿಗವಲ್ಲ. ಅದನ್ನು ಉಳಿಸಿಕೊಳ್ಳುವುದು ಸೋಜಿಗ. ಯಾವ ಪಾತ್ರೆಯಲ್ಲಿ ಇಡುತ್ತೀರಿ? ಚಿನ್ನದ ಕರಂಡಕವಾದರೂ ಅದು ದ್ರವ್ಯವೇ. ಗಾಳಿಯೂ ದ್ರವ್ಯವೇ. ಮುಟ್ಟಿದುದನ್ನು ಸುಟ್ಟು ತಾನೂ ಸುಡುವ ಈ ವಸ್ತುವನ್ನು ನೆನೆದಾಗಲೆಲ್ಲ ನಮಗೆ ಭಸ್ಮಾಸುರನ ಕಥೆ ನೆನಪಾಗುತ್ತದೆ. ಮೋಹಿನಿ ಅವನನ್ನು ಹಗ್ಗದಿಂದ ಕಟ್ಟಲಿಲ್ಲ, ಕೈಹಿಡಿದು ನಿಲ್ಲಿಸಲಿಲ್ಲ, ಕುಣಿಸಿದಳು. ವಿಜ್ಞಾನಿಗಳು ಕಂಡುಕೊಂಡ ಉಪಾಯವೂ ಅದೇ. ಕಥೆಯಲ್ಲಿ ಕೊನೆಗೆ ಅಸುರನು ಬೂದಿಯಾಗಬೇಕು. ಇಲ್ಲಿ ಬೂದಿಯಾಗದಂತೆ ಕುಣಿಸುತ್ತಲೇ ಇರಬೇಕು, ಅಷ್ಟೇ ವ್ಯತ್ಯಾಸ.

ವಿದ್ಯುತ್ತುಳ್ಳ ಕಣವನ್ನು ವಿದ್ಯುತ್ತಿನಿಂದಲೇ ನಾಲ್ಕೂ ಕಡೆಯಿಂದ ತಳ್ಳಿ ನಡುವೆ ನಿಲ್ಲಿಸಬಹುದಲ್ಲ ಎಂದು ಯಾರಿಗಾದರೂ ತೋರುತ್ತದೆ. ಅದು ಸಾಧ್ಯವಿಲ್ಲವೆಂದು 1842ರಷ್ಟು ಹಿಂದೆಯೇ ಅರ್ನ್‌ಷಾ ಎಂಬುವನು ತೋರಿಸಿಕೊಟ್ಟಿದ್ದನು. ಎರಡು ಕಡೆ ಬಿಗಿ ಮಾಡಿದರೆ ಮೂರನೆಯ ಕಡೆ ಸಡಿಲವಾಗಿಯೇ ತೀರುತ್ತದೆ. ಆದಕಾರಣ ಕಾಂತದ ನೆರವು ಬೇಕು. ಬಲವಾದ ಕಾಂತಕ್ಷೇತ್ರದಲ್ಲಿ ವಿದ್ಯುತ್ಕಣವು ನೇರವಾಗಿ ಓಡಲಾರದೆ ಗಾಣದ ಎತ್ತಿನಂತೆ ಸುತ್ತುತ್ತದೆ. ಎಷ್ಟು ಸುತ್ತಿದರೂ ಪಕ್ಕದ ಗೋಡೆಯನ್ನು ಮುಟ್ಟುವುದಿಲ್ಲ. ಕಾಂತದ ಗೆರೆಯ ಉದ್ದಕ್ಕೆ ಆಚೆ ಈಚೆ ಜಾರುವುದಕ್ಕೆ ಮಾತ್ರ ಅದಕ್ಕೆ ಸ್ವಾತಂತ್ರ್ಯವುಂಟು. ಆ ಎರಡು ಕೊನೆಗಳಲ್ಲಿ ವಿದ್ಯುತ್ತಿನ ಬಾಗಿಲುಗಳನ್ನು ಇಟ್ಟರೆ ಬೋನು ಸಿದ್ಧವಾಯಿತು.

ಬೋನಿನ ಆಕಾರವನ್ನು ಊಹಿಸಿಕೊಳ್ಳಬೇಕಾದರೆ ಲಾಡ್ ಬಜಾರಿಗೆ ಹೋಗಿ. ಅಂಗಡಿಯವನು ಬಳೆಗಳನ್ನು ಕೋಲಿಗೆ ಪೋಣಿಸಿಟ್ಟಿರುತ್ತಾನೆ. ಕೋಲನ್ನು ಎಳೆದುಬಿಟ್ಟು ಬಳೆಗಳು ಹಾಗೆಯೇ ನಿಂತವೆಂದು ತಿಳಿಯಿರಿ. ಒಳಗಿನ ಆ ಟೊಳ್ಳಿನಲ್ಲಿ ಕಣಗಳ ವಾಸ. ಬಳೆಗಳ ಬದಲು ಲೋಹದ ಉಂಗುರಗಳು. ಒಂದೊಂದಕ್ಕೂ ಬೇಕಾದಷ್ಟು ವಿದ್ಯುತ್ತನ್ನು ಬೇರೆ ಬೇರೆಯಾಗಿ ಕೊಡಬಹುದು. ಸುತ್ತಲೂ ದೊಡ್ಡ ಕಾಂತ. ಒಳಗಿನ ಗಾಳಿಯನ್ನೆಲ್ಲ ಹೀರಿ ತೆಗೆದು, ಗೋಡೆಗಳನ್ನು ದ್ರವ ಹೀಲಿಯಮಿನಿಂದ ನಿರಪೇಕ್ಷ ಶೂನ್ಯಕ್ಕಿಂತ ನಾಲ್ಕೇ ಡಿಗ್ರಿ ಮೇಲಕ್ಕೆ ಇಳಿಸುತ್ತಾರೆ. ನಿರಪೇಕ್ಷ ಶೂನ್ಯವೆಂದರೆ ಸೊನ್ನೆಗೆ 273 ಡಿಗ್ರಿ ಕೆಳಗೆ. ಅದಕ್ಕಿಂತ ಚಳಿ ಇಲ್ಲ. ಉಳಿದ ಅಲ್ಪಸ್ವಲ್ಪ ಗಾಳಿಯ ಅಣುಗಳು ಆ ಚಳಿಗೆ ಗೋಡೆಗೇ ಹೆಪ್ಪುಗಟ್ಟಿ ಅಂಟಿಕೊಳ್ಳುತ್ತವೆ. ಇದಕ್ಕೆ ಪೆನ್ನಿಂಗ್ ಬೋನು ಎಂದು ಹೆಸರು. ಹ್ಯಾನ್ಸ್ ಡೆಮೆಲ್ಟ್ ಎಂಬ ವಿಜ್ಞಾನಿ ಇದನ್ನು ಪಳಗಿಸಿ 1984ರಲ್ಲಿ ಒಂದೇ ಒಂದು ಪಾಸಿಟ್ರಾನನ್ನು ಸುಮಾರು ಮೂರು ತಿಂಗಳು ಹಿಡಿದಿಟ್ಟನು. ಅಷ್ಟು ದಿನದ ಒಡನಾಟದಿಂದ ಅದಕ್ಕೆ ಪ್ರಿಸಿಲ್ಲಾ ಎಂಬ ಹೆಸರನ್ನೂ ಇಟ್ಟುಬಿಟ್ಟರು! 1989ರಲ್ಲಿ ಆತನಿಗೆ ನೊಬೆಲ್ ಪಾರಿತೋಷಕ ಬಂದಿತು.

ಇಂತಹ ಕಾಂತದ ತಡೆ ನಮ್ಮ ತಲೆಯ ಮೇಲೆಯೂ ಇದೆ. ಭೂಮಿಯೇ ಒಂದು ದೊಡ್ಡ ಕಾಂತ. ಹೈದರಾಬಾದು ಕಾಂತೀಯ ಸಮಭಾಜಕಕ್ಕೆ ಹತ್ತಿರವಾಗಿರುವುದರಿಂದ ಶಕ್ತಿ ಕಡಮೆಯಾದ ವಿಶ್ವಕಿರಣಗಳು ಇಲ್ಲಿಗೆ ಇಳಿಯಲಾರದೆ ಬಾಗಿ ಹಿಂದಿರುಗುತ್ತವೆ. ಮಹಾ ವೇಗದವು ಮಾತ್ರ ಒಳಬರುತ್ತವೆ. ಭೂಮಿ ತಾನಾಗಿ ಜರಡಿ ಹಿಡಿದು ಕೊಟ್ಟ ಈ ಅನುಕೂಲವನ್ನು ಕಂಡೇ ಟಾಟಾ ಸಂಸ್ಥೆಯವರು ಈ ಊರನ್ನು ಆರಿಸಿಕೊಂಡರು. 1960ರ ದಶಕದಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯದ ಬಯಲಿನಿಂದ ದೊಡ್ಡ ದೊಡ್ಡ ಬೆಲೂನುಗಳನ್ನು ಹಾರಿಸುತ್ತಿದ್ದರು. 1969ರಲ್ಲಿ ಅದಕ್ಕಾಗಿಯೇ ಒಂದು ಕಾಯಂ ಕೇಂದ್ರವಾಯಿತು, ಇ.ಸಿ.ಐ.ಎಲ್. ಕಡೆ ವಾಸವಾಗಿರುವವರು ಅದರ ಬೆಲೂನುಗಳನ್ನು ಕಂಡಿರಬಹುದು. ಆರ್. ಆರ್. ಡೇನಿಯಲ್, ಎಸ್. ಎ. ಸ್ಟೀಫನ್ಸ್ ಮೊದಲಾದವರು ವಿಶ್ವಕಿರಣಗಳಲ್ಲಿರುವ ಎಲೆಕ್ಟ್ರಾನುಗಳನ್ನು ಅರಸಿದ್ದು ಇಂತಹ ಬೆಲೂನುಗಳಿಂದಲೇ. ಭೂಮಿಯ ಕಾಂತ ಅಟ್ಟಿಬಿಡುವುದು ಮಾತ್ರವಲ್ಲ, ಕೆಲವನ್ನು ಹಿಡಿದೂ ಇಡುತ್ತದೆ. ಪಮೇಲಾ ಎಂಬ ಉಪಕರಣವು ದಕ್ಷಿಣ ಅಟ್ಲಾಂಟಿಕ್ ಸಾಗರದ ಮೇಲೆ ಭೂಕಾಂತದಲ್ಲಿ ಸಿಲುಕಿದ 28 ಪ್ರತಿಪ್ರೋಟಾನುಗಳನ್ನು ಗುರುತಿಸಿತೆಂದು 2011ರಲ್ಲಿ ಪ್ರಕಟವಾಯಿತು. ಮನುಷ್ಯನು ಬೋನು ಮಾಡುವುದಕ್ಕೆ ಎಷ್ಟೋ ಮುಂಚೆ ಭೂತಾಯಿಯ ಬೋನು ನಡೆದುಕೊಂಡು ಬಂದಿತ್ತು.

"ಅದೆಲ್ಲ ಸರಿ, ಕೂಡಿಟ್ಟು ಏನು ಮಾಡುತ್ತೀರಿ?" ಎಂದು ಮನೆ ನಡೆಸುವ ತಾಯಂದಿರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆ. ಊರು ಬೆಳಗಿಸುವುದಕ್ಕಾಗಲಿ ಬಾಂಬು ಮಾಡುವುದಕ್ಕಾಗಲಿ ಅಲ್ಲ. ಕಾದಂಬರಿ, ಸಿನಿಮಾಗಳನ್ನು ನಂಬಬೇಡಿ. ಜಿನೀವದ ಸರ್ನ್ ಸಂಸ್ಥೆಯಲ್ಲಿ ಇದುವರೆಗೆ ಮಾಡಿದ ಪ್ರತಿದ್ರವ್ಯವನ್ನೆಲ್ಲ ಒಟ್ಟುಗೂಡಿಸಿ ಸುಟ್ಟರೂ ಒಂದು ವಿದ್ಯುದ್ದೀಪ ಕೆಲವು ನಿಮಿಷ ಉರಿದೀತು. ಕಾರಣ ಬೇರೆ ಇದೆ. ಸೃಷ್ಟಿಯ ಆದಿಯಲ್ಲಿ ದ್ರವ್ಯವೂ ಪ್ರತಿದ್ರವ್ಯವೂ ಸಮಸಮವಾಗಿ ಹುಟ್ಟಿರಬೇಕೆಂದು ಶಾಸ್ತ್ರ ಹೇಳುತ್ತದೆ. ಸಮವಾಗಿದ್ದರೆ ಎರಡೂ ಒಂದನ್ನೊಂದು ಅಳಿಸಿಹಾಕಿ ಬರಿಯ ಬೆಳಕು ಉಳಿಯಬೇಕಾಗಿತ್ತು. ನಕ್ಷತ್ರವಿಲ್ಲ, ಭೂಮಿಯಿಲ್ಲ, ಈ ಸಭೆಯೂ ಇಲ್ಲ. ಆದರೆ ನಾವು ಇದ್ದೇವೆ. ಲೆಕ್ಕದಲ್ಲಿ ಎಲ್ಲಿಯೋ ಒಂದು ಕಾಸಿನ ವ್ಯತ್ಯಾಸವಿರಬೇಕು. ಆ ಕಾಸನ್ನು ಹುಡುಕಬೇಕಾದರೆ ದ್ರವ್ಯವನ್ನೂ ಪ್ರತಿದ್ರವ್ಯವನ್ನೂ ಪಕ್ಕಪಕ್ಕದಲ್ಲಿಟ್ಟು ತೂಗಬೇಕು. ಬೆಳಕಿನ ವೇಗಕ್ಕೆ ಸಮೀಪವಾದ ವೇಗದಲ್ಲಿ ಹಾರಿಹೋಗುವ ವಸ್ತುವನ್ನು ತೂಗುವುದೆಂತು? ನಿಲ್ಲಿಸಬೇಕು, ತಣಿಸಬೇಕು.

ಸರ್ನ್ ಸಂಸ್ಥೆಯಲ್ಲಿ ಪ್ರೋಟಾನುಗಳ ಹೊಳೆಯನ್ನು ಇರಿಡಿಯಂ ಲೋಹದ ಒಂದು ತುಂಡಿಗೆ ಬಡಿದು ಪ್ರತಿಪ್ರೋಟಾನುಗಳನ್ನು ಎಬ್ಬಿಸುತ್ತಾರೆ. ಅವು ಹುಟ್ಟುವಾಗಲೇ ಮಹಾ ರಭಸ. ಬೇರೆ ಯಂತ್ರಗಳು ಕಣಗಳ ವೇಗವನ್ನು ಹೆಚ್ಚಿಸುವುದಕ್ಕೆಂದು ಇದ್ದರೆ, ವೇಗವನ್ನು ಕುಗ್ಗಿಸುವುದಕ್ಕೆಂದೇ ಅಲ್ಲಿ ಒಂದು ಯಂತ್ರವನ್ನು ಕಟ್ಟಿ 2000ದಿಂದ ನಡೆಸಿದ್ದಾರೆ. ಎರಡು ನಿಮಿಷಕ್ಕೊಂದು ಸಾರಿ ಸುಮಾರು ಮೂರು ಕೋಟಿ ಪ್ರತಿಪ್ರೋಟಾನುಗಳು ಅದರಿಂದ ಹೊರಬರುತ್ತವೆ. ಆದರೂ ಬೋನಿಗೆ ಅವು ಬಹಳ ಬಿಸಿ. ತೆಳುವಾದ ಲೋಹದ ಹಾಳೆಯ ಮೂಲಕ ತೂರಿಸಿದರೆ ಬಹುಪಾಲು ಅಲ್ಲಿಯೇ ಅಳಿದುಹೋಗಿ, ಕೆಲವು ಮಾತ್ರ ಬಳಲಿ ಆಚೆಗೆ ಬರುತ್ತವೆ. ಅವು ಬೋನಿನ ಕೊನೆಯ ಬಾಗಿಲಿಗೆ ತಾಗಿ ಹಿಂದಿರುಗುವಷ್ಟರಲ್ಲಿ ಮುಂದಿನ ಬಾಗಿಲನ್ನು ಮುಚ್ಚಿಬಿಡಬೇಕು. ಇದಕ್ಕೆ ಇರುವ ಕಾಲಾವಕಾಶ ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಡಮೆ. 1986ರಲ್ಲಿ ಜೆರಾಲ್ಡ್ ಗೇಬ್ರಿಯಲ್ಸ್ ಮತ್ತು ಸಂಗಡಿಗರು ಮೊದಲ ಬಾರಿಗೆ ಹೀಗೆ ಬಾಗಿಲು ಹಾಕಿದರು. ಈಚೆಗೆ ಎಲೆನಾ ಎಂಬ ಎರಡನೆಯ ನಿಧಾನಯಂತ್ರ ಬಂದ ಮೇಲೆ ನಷ್ಟ ಬಹಳ ತಗ್ಗಿದೆ.

ಒಳಗೆ ಸಿಕ್ಕವನ್ನು ತಣಿಸುವ ಕ್ರಮ ನಮ್ಮ ಅಡುಗೆಮನೆಯದೇ. ಬಿಸಿ ಹಾಲಿನ ಪಾತ್ರೆಯನ್ನು ತಣ್ಣೀರಿನ ಬೋಗುಣಿಯಲ್ಲಿ ಇಡುವುದಿಲ್ಲವೆ? ಹಾಗೆಯೇ ಬೋನಿನಲ್ಲಿ ಮೊದಲೇ ತಣ್ಣನೆಯ ಎಲೆಕ್ಟ್ರಾನುಗಳನ್ನು ತುಂಬಿರುತ್ತಾರೆ. ಎಲೆಕ್ಟ್ರಾನಿಗೂ ಪ್ರತಿಪ್ರೋಟಾನಿಗೂ ಇರುವುದು ಒಂದೇ ಬಗೆಯ ವಿದ್ಯುತ್ತು. ಅವು ಎದುರು ಜೋಡಿಗಳೂ ಅಲ್ಲ. ಆದ್ದರಿಂದ ಒಂದನ್ನೊಂದು ಅಳಿಸುವುದಿಲ್ಲ. ಡಿಕ್ಕಿ ಹೊಡೆಯುತ್ತ ಪ್ರತಿಪ್ರೋಟಾನುಗಳ ಕಾವು ಎಲೆಕ್ಟ್ರಾನುಗಳಿಗೆ ಇಳಿಯುತ್ತದೆ. ಎಲೆಕ್ಟ್ರಾನುಗಳು ಸುತ್ತುವಾಗ ಕಾವನ್ನು ಕಿರಣವಾಗಿ ಹೊರಚೆಲ್ಲಿ ಮತ್ತೆ ತಣ್ಣಗಾಗುತ್ತವೆ. ಇನ್ನೂ ತಣಿಯಬೇಕಾದರೆ ಮಣ್ಣಿನ ಹೂಜಿಯ ಉಪಾಯ. ಈ ಊರಿನ ಮೇ ತಿಂಗಳಲ್ಲಿ ಹೂಜಿಯ ಮೈಯಿಂದ ನೀರು ಆವಿಯಾಗಿ ಉಳಿದ ನೀರು ತಂಪಾಗುವಂತೆ, ಬೋನಿನ ಒಂದು ಬಾಗಿಲನ್ನು ತುಸು ತಗ್ಗಿಸಿದರೆ ಬಿಸಿ ಹೆಚ್ಚಾದ ಕಣಗಳು ಹಾರಿ ಹೋಗುತ್ತವೆ, ಉಳಿದವು ತಣಿಯುತ್ತವೆ. 2010ರಲ್ಲಿ ಆಲ್ಫಾ ಎಂಬ ತಂಡದವರು ಹೀಗೆ 9 ಡಿಗ್ರಿಯವರೆಗೆ, ಎಂದರೆ ನಿರಪೇಕ್ಷ ಶೂನ್ಯದಿಂದ ಒಂಬತ್ತೇ ಡಿಗ್ರಿ ಮೇಲಕ್ಕೆ, ಇಳಿಸಿದರು.

ಹೀಗೆ ತಣಿಸಿದ ಕಣಗಳು ಬಹುಕಾಲ ಬಾಳುತ್ತವೆ. ಬೇಸ್ ಎಂಬ ತಂಡದ ಬೋನಿನಲ್ಲಿ ಪ್ರತಿಪ್ರೋಟಾನುಗಳು 405 ದಿನ ಇದ್ದುವು. ಪ್ರೋಟಾನು, ಪ್ರತಿಪ್ರೋಟಾನುಗಳ ವಿದ್ಯುತ್ತಿಗೂ ತೂಕಕ್ಕೂ ಇರುವ ಪ್ರಮಾಣವನ್ನು ಹೋಲಿಸಿ, ಒಂದು ಲಕ್ಷ ಕೋಟಿಯಲ್ಲಿ 16 ಪಾಲಿನ ಸೂಕ್ಷ್ಮದವರೆಗೂ ಅವು ಸಮವೆಂದು ಆ ತಂಡದವರು 2022ರಲ್ಲಿ ತಿಳಿಸಿದರು. ಕಾಸು ಸಿಕ್ಕಲಿಲ್ಲ.

ಮುಂದಿನ ಮೆಟ್ಟಿಲು ಪ್ರತಿಪರಮಾಣು. ಪ್ರತಿಪ್ರೋಟಾನಿನ ಸುತ್ತ ಪಾಸಿಟ್ರಾನು ಸುತ್ತಿದರೆ ಅದು ಪ್ರತಿಜಲಜನಕ. 2002ರಲ್ಲಿ ತಣ್ಣನೆಯ ಪ್ರತಿಜಲಜನಕ ತಯಾರಾಯಿತು. ಆದರೆ ಪರಮಾಣುವಾದೊಡನೆ ಧನ ಋಣಗಳು ಕೂಡಿ ವಿದ್ಯುತ್ತು ಸೊನ್ನೆಯಾಗುತ್ತದೆ. ಬೋನಿನ ಬಾಗಿಲುಗಳನ್ನು ಅದು ಲೆಕ್ಕಿಸದೆ ನಡೆದುಹೋಗಿ ಗೋಡೆಗೆ ತಾಗಿ ಅಳಿಯುತ್ತದೆ. ಅದಕ್ಕಿರುವ ಒಂದೇ ಜುಟ್ಟೆಂದರೆ ಅದು ತಾನೂ ಒಂದು ಪುಟಾಣಿ ಕಾಂತ. ನಡುವೆ ಕಾಂತಬಲ ಕಡಮೆಯಾಗಿ ಸುತ್ತಲೂ ಹೆಚ್ಚಾಗುವಂತೆ ಕಾಂತದ ಒಂದು ಬಟ್ಟಲನ್ನು ಮಾಡಿ ಅದರಲ್ಲಿ ಕೂಡಿಸಬೇಕು. ಬಟ್ಟಲು ಬಹಳ ಆಳವಿಲ್ಲದ್ದು. ನಿರಪೇಕ್ಷ ಶೂನ್ಯಕ್ಕಿಂತ ಅರ್ಧ ಡಿಗ್ರಿಯಷ್ಟು ಕಾವಿದ್ದರೂ ಪರಮಾಣು ಅಂಚನ್ನು ದಾಟಿಬಿಡುತ್ತದೆ. 2010ರಲ್ಲಿ ಆಲ್ಫಾ ತಂಡದವರು 335 ಸಲ ಪ್ರಯತ್ನಿಸಿ 38 ಪರಮಾಣುಗಳನ್ನು, ಅದೂ ಸೆಕೆಂಡಿನ ಆರನೆಯ ಒಂದು ಪಾಲು ಹೊತ್ತು, ಹಿಡಿದರು. ಮರುವರ್ಷವೇ ಸಾವಿರ ಸೆಕೆಂಡು ಉಳಿಸಿದರು. 2025ರಲ್ಲಿ ಕೆಲವೇ ಗಂಟೆಗಳಲ್ಲಿ 15,000ಕ್ಕೂ ಮೇಲ್ಪಟ್ಟು ಹಿಡಿದಿರುವುದಾಗಿ ಪ್ರಕಟಿಸಿದರು. ಮತ್ತೆ ಮತ್ತೆ ಕೈ ಬರಿದಾದರೂ ಬಿಡದ ಆ ಹಟವನ್ನು ನಾವು ಈ ಕಥೆಯಲ್ಲಿ ಎಲ್ಲಕ್ಕಿಂತ ಹೆಚ್ಚೆಂದು ಎಣಿಸುತ್ತೇವೆ.

ಹಾಗೆ ಹಿಡಿದುದನ್ನು 2023ರಲ್ಲಿ ಒಂದು ಎಳೆಯ ಮಗು ಕೇಳುವ ಪ್ರಶ್ನೆಗೆ ಉಪಯೋಗಿಸಿದರು: ಕೈಬಿಟ್ಟರೆ ಅದು ಕೆಳಕ್ಕೆ ಬೀಳುತ್ತದೆಯೆ, ಮೇಲಕ್ಕೆ ಹೋಗುತ್ತದೆಯೆ? ನಿಲುವಾಗಿರುವ ಬೋನಿನ ಮೇಲಿನ ಕೆಳಗಿನ ಬಾಗಿಲುಗಳನ್ನು ನಿಧಾನವಾಗಿ ಸಡಿಲಿಸಿ ನೋಡಿದರು. ನೂರರಲ್ಲಿ ಸುಮಾರು ಎಂಬತ್ತು ಕೆಳಗಿನಿಂದ ಹೊರಬಂದುವು. ಪ್ರತಿದ್ರವ್ಯವೂ ನಮ್ಮಂತೆಯೇ ಭೂಮಿಗೆ ಬೀಳುತ್ತದೆ. ಆದರೆ ಸರಿಯಾಗಿ ಅಷ್ಟೇ ವೇಗದಿಂದ ಬೀಳುತ್ತದೆಯೆ ಎಂಬುದನ್ನು ಹೇಳುವಷ್ಟು ಆ ಅಳತೆ ಸೂಕ್ಷ್ಮವಾಗಿರಲಿಲ್ಲ.

ಇಲ್ಲಿ ಬೆಂಗಳೂರು ಪ್ರವೇಶಿಸುತ್ತದೆ. ಇದೇ ಪ್ರಶ್ನೆಯನ್ನು ಇನ್ನೊಂದು ದಾರಿಯಿಂದ ಅರಸುವ ಈಜಿಸ್ ಎಂಬ ತಂಡ ಸರ್ನ್‌ನಲ್ಲಿದೆ. ಯೂರೋಪಿನ ಹತ್ತೊಂಬತ್ತು ಸಂಶೋಧನ ಗುಂಪುಗಳ ನಡುವೆ ಅದರಲ್ಲಿ ಒಂದು ಭಾರತದ ಗುಂಪು. ಅದು 1948ರಲ್ಲಿ ಸರ್ ಸಿ. ವಿ. ರಾಮನ್ ಅವರು ಸ್ಥಾಪಿಸಿದ ರಾಮನ್ ಸಂಶೋಧನ ಸಂಸ್ಥೆಯದು. ಅಲ್ಲಿನ ಪ್ರಾಧ್ಯಾಪಕ ಸಾದಿಕ್ ಅಲಿ ರಂಗವಾಲಾ ಅವರು ತಣ್ಣನೆಯ ಪರಮಾಣುಗಳನ್ನೂ ಅಯಾನುಗಳನ್ನೂ ಬೋನಿನಲ್ಲಿ ಹಿಡಿಯುವುದರಲ್ಲಿ ಪಳಗಿದವರು. ಈ ತಂಡ ತಣಿಸಿದ್ದು ಪಾಸಿಟ್ರೋನಿಯಂ ಎಂಬ ವಿಚಿತ್ರ ಜೋಡಿಯನ್ನು. ಎಲೆಕ್ಟ್ರಾನೂ ಪಾಸಿಟ್ರಾನೂ ಅಳಿಯುವುದಕ್ಕೆ ಮುಂಚೆ ಕ್ಷಣಮಾತ್ರ ಒಂದನ್ನೊಂದು ಸುತ್ತುತ್ತ ಸಂಸಾರ ಹೂಡುತ್ತವೆ. ಆ ಸಂಸಾರದ ಆಯುಸ್ಸು, ಸೆಕೆಂಡನ್ನು ಕೋಟಿ ಪಾಲು ಮಾಡಿದರೆ ಒಂದೂವರೆ ಪಾಲಿನಷ್ಟು. ಇಷ್ಟು ಅಲ್ಪಾಯುಷಿಯನ್ನು ತಣಿಸುವುದೆಂದರೆ! ಎದುರಿನಿಂದ ಬರುವ ಬೆಳಕು ಓಡುವ ಕಣವನ್ನು ತುಸುತುಸುವೇ ಹಿಂದಕ್ಕೆ ನೂಕುವಂತೆ ಲೇಸರಿನ ಬಣ್ಣವನ್ನು ಹೊಂದಿಸಿ ಹೊಡೆಯಬೇಕು. ಹೀಗೆ ಮಾಡಬಹುದೆಂಬ ಸಲಹೆ 1988ರಲ್ಲಿಯೇ ಬಂದಿತ್ತು, ಕೈಗೂಡಿರಲಿಲ್ಲ. ಈಜಿಸ್ ತಂಡವು ಅದರ ಆಯುಸ್ಸಿನ ಅರ್ಧದಷ್ಟು ಹೊತ್ತು ಮಾತ್ರ ಮಿಂಚುವ ಲೇಸರಿನಿಂದ ಪಾಸಿಟ್ರೋನಿಯಮನ್ನು 380 ಡಿಗ್ರಿ ಕೆಲ್ವಿನ್‌ನಿಂದ 170ಕ್ಕೆ ಇಳಿಸಿತು. ಕುದಿಯುವ ನೀರಿಗಿಂತ ಬಿಸಿಯಾದುದು ಮಂಜುಗಡ್ಡೆಗಿಂತ ನೂರು ಡಿಗ್ರಿ ತಣ್ಣಗಾಯಿತು. 2024ರ ಫೆಬ್ರವರಿಯಲ್ಲಿ ಇದು ಪ್ರಕಟವಾಯಿತು. ಲೇಸರಿನ ಕಿರಣ ಗುರಿಗೆ ಸರಿಯಾಗಿ ಬೀಳುತ್ತಿದೆಯೆ ಎಂದು ಪರೀಕ್ಷಿಸುವ ವ್ಯವಸ್ಥೆಯಲ್ಲಿ ರಂಗವಾಲಾ ಅವರ ಕೈ ಇತ್ತು. ಬೆಳಕಿನ ವಿದ್ಯೆಗೆಂದು ರಾಮನ್ನರು ಕಟ್ಟಿದ ಮನೆಯಿಂದ ಇಂಥ ಕೆಲಸ ಹೊರಟಿತೆಂಬುದು ನಮಗೆ ಸಂತೋಷದ ವಿಷಯ. ತಣ್ಣನೆಯ ಪಾಸಿಟ್ರೋನಿಯಂ ಸಿಕ್ಕರೆ ಅದರಿಂದ ಪ್ರತಿಪ್ರೋಟಾನಿಗೆ ಪಾಸಿಟ್ರಾನನ್ನು ಮೆಲ್ಲನೆ ವರ್ಗಾಯಿಸಿ, ಹೆಚ್ಚು ತಣ್ಣನೆಯ ಪ್ರತಿಜಲಜನಕವನ್ನು ಪಡೆದು, ಅದು ಬೀಳುವ ಬಗೆಯನ್ನು ಇನ್ನೂ ನವುರಾಗಿ ಅಳೆಯಬಹುದೆಂಬುದು ಅವರ ಎಣಿಕೆ.

ಕೊನೆಯದಾಗಿ, ಊರು ಬಿಟ್ಟು ಊರಿಗೆ ಬಂದ ನಮಗೆಲ್ಲ ರುಚಿಸುವ ಒಂದು ಸಂಗತಿ. ಪ್ರತಿಪ್ರೋಟಾನುಗಳು ಹುಟ್ಟುವ ಆ ಕಾರ್ಖಾನೆಯಲ್ಲಿಯೇ ನೂರಾರು ಕಾಂತಗಳ ಗಲಭೆ. ಸೂಕ್ಷ್ಮವಾದ ಅಳತೆಗೆ ಅದು ತಕ್ಕ ಸ್ಥಳವಲ್ಲ. ಆದ್ದರಿಂದ ಬೋನಿನ ಸಮೇತ ಅವುಗಳನ್ನು ಲಾರಿಯಲ್ಲಿ ಹೇರಿಕೊಂಡು ಬೇರೆ ಊರಿಗೆ ಒಯ್ಯಬೇಕೆಂದು ಬೇಸ್ ತಂಡದವರು ಯೋಚಿಸಿದರು. ಒಂದು ಟನ್ನಿನಷ್ಟು ತೂಕದ ಪೆಟ್ಟಿಗೆ. ಒಳಗೆ ದ್ರವ ಹೀಲಿಯಂ, ಕಾಂತ, ಬ್ಯಾಟರಿ. ಮೊದಲ ಪರೀಕ್ಷೆಗೆ ಪ್ರತಿಪ್ರೋಟಾನುಗಳ ಬದಲು ಸಾಮಾನ್ಯವಾದ 70 ಪ್ರೋಟಾನುಗಳನ್ನು ತುಂಬಿ 2024ರ ಅಕ್ಟೋಬರಿನಲ್ಲಿ ಸರ್ನ್‌ನ ಆವರಣದೊಳಗಿನ ರಸ್ತೆಗಳಲ್ಲಿ ಸುಮಾರು ನಾಲ್ಕು ಕಿಲೋಮೀಟರು ತಿರುಗಿಸಿದರು. ಕುಲುಕಾಟದಲ್ಲಿ ಒಂದೂ ಕಳೆದುಹೋಗಲಿಲ್ಲ. ಮುಂದಿನ ಗುರಿ ಜರ್ಮನಿಯ ಡುಸೆಲ್‌ಡಾರ್ಫ್ ನಗರ. ಹೈದರಾಬಾದಿನಿಂದ ಬೆಂಗಳೂರಿಗಿರುವುದಕ್ಕಿಂತಲೂ ದೂರದ ದಾರಿ. ರಾತ್ರಿಯ ಬಸ್ಸಿನಲ್ಲಿ ಕುಳಿತು ಆ ಪ್ರಯಾಣವನ್ನು ಮಾಡಿದವರಿಗೆ ಕುಲುಕಾಟದ ಅರ್ಥವನ್ನು ನಾವು ವಿವರಿಸಬೇಕಾಗಿಲ್ಲ. ಅಷ್ಟು ಹೊತ್ತೂ ಹೀಲಿಯಂ ಆರದಂತೆ, ಕಾಂತ ಸಡಿಲದಂತೆ ನೋಡಿಕೊಂಡು, ತಲುಪಿದ ಮೇಲೆ ಒಂದು ಬೋನಿನಿಂದ ಇನ್ನೊಂದು ಬೋನಿಗೆ ಗೋಡೆ ತಾಗದಂತೆ ಕಣಗಳನ್ನು ಇಳಿಸುವುದೇ ಕಷ್ಟದ ಭಾಗವೆಂದು ಆ ಕೆಲಸದಲ್ಲಿ ಇರುವವರು ಹೇಳುತ್ತಾರೆ.